ಈಚಲು ಹೆಂಡದ ಚರಿತ್ರೆ: ಬರೆದಿಟ್ಟವರು, ಬರೆಯಬೇಕಾದವರು

ಈಚಲು ಮರವನ್ನು ಕೆತ್ತಿ ಇಳಿಸಿದ ಸಿಹಿ ರಸ ಗಡಿಗೆಯಲ್ಲಿ ತಾನಾಗಿಯೇ ಹುಳಿತು ಆಗುವ ಪಾನೀಯವೇ ಈಚಲು ಹೆಂಡ. ಉತ್ತರ ಕರ್ನಾಟಕದಲ್ಲಿ ಇದು ಸೇಂದಿ. ಕರಾವಳಿಯಲ್ಲಿ ತೆಂಗು, ತಾಳೆ ಮರಗಳಿಂದ ಇಳಿಸಿದ್ದು ಕಳ್ಳು. ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿ ತಲೆತಲಾಂತರದಿಂದ ನಡೆದುಬಂದ ಈ ಕಸುಬು ಈಗ ಕಾನೂನಿನ ಪ್ರಕಾರ ನಿಂತಿದೆ. ಹೆಂಡದ ಬಗ್ಗೆ ಅರಸರು ಬರೆದಿದ್ದಾರೆ, ಕವಿಗಳು ಬರೆದಿದ್ದಾರೆ, ಅಧಿಕಾರಿಗಳು ಕಡತಗಟ್ಟಲೆ ಬರೆದಿದ್ದಾರೆ. ಮರ ಹತ್ತಿ ಇಳಿದವರ ತಿಳಿವಳಿಕೆ ಮಾತ್ರ ಬಹುಪಾಲು ಬಾಯಿಮಾತಿನಲ್ಲೇ ಉಳಿದಿದೆ. ಅದನ್ನು ಬರೆದಿಡುವ ಕೆಲಸ ಈ ತಲೆಮಾರಿನದು.

ನೆಲ ಮತ್ತು ಮರ

ಮಧ್ಯ ಕರ್ನಾಟಕದ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ನೋಡುತ್ತಾ ಬಂದರೆ ನೆಲ ಬದಲಾಗುವುದು ಕಾಣುತ್ತದೆ. ಜಗಳೂರು ಮಳೆ ಕಡಿಮೆ ಬೀಳುವ ಒಣಸೀಮೆ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಅಡಿಕೆ ತೋಟ. ಹೊನ್ನಾಳಿಗೆ ತುಂಗಭದ್ರೆಯ ದಡ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಅರೆಮಲೆನಾಡಿಗೆ ಹತ್ತಿರ. ಬಯಲುಸೀಮೆಯ ಹಳ್ಳದ ದಂಡೆ, ಕೆರೆಯಂಗಳ, ಗೋಮಾಳದ ತಗ್ಗುಗಳಲ್ಲಿ ಯಾರೂ ನೆಡದೆ ಬೆಳೆಯುವುದು ಈಚಲು. ಪಶ್ಚಿಮಕ್ಕೆ, ಸಾಗರ–ಸೊರಬದ ಕಡೆ ಹೋದಂತೆ ಅದರ ಜಾಗಕ್ಕೆ ಬಗನಿ ಮರ ಬರುತ್ತದೆ. ಈಚಲಲ್ಲಿ ಕಾಂಡ ಕೆತ್ತಬೇಕು. ಬಗನಿಯಲ್ಲಿ ಹೂಗೊನೆ ಕೊಯ್ಯಬೇಕು. ಬಯಲಿನಲ್ಲಿ ಈ ಕಸುಬು ಹೆಚ್ಚಾಗಿ ಈಡಿಗರದು, ಮಲೆನಾಡಿನಲ್ಲಿ ದೀವರದು.

ಇಳಿಸುವ ಬಗೆ

ಹೆಂಡಗಾರ ಮರದ ತಲೆಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನು ಸವರುತ್ತಾನೆ. ಒಳಗಿನ ಮೆತ್ತನೆಯ ಬಿಳಿ ಭಾಗ ಕಾಣುವವರೆಗೆ ಹರಿತವಾದ ಕತ್ತಿಯಿಂದ ಹೆರೆಯುತ್ತಾನೆ. ಕೆತ್ತು ಕೆಳಕ್ಕೆ ಬಂದಂತೆ ಕಿರಿದಾಗುತ್ತದೆ. ರಸ ಅಲ್ಲಿ ಕೂಡಿ, ಸಿಕ್ಕಿಸಿದ ಬಿದಿರಿನ ಸೀಳಿನ ಮೇಲೆ ಹರಿದು ಗಡಿಗೆಗೆ ಬೀಳುತ್ತದೆ. ಸಂಜೆ ಗಡಿಗೆ ಕಟ್ಟಿದರೆ ಬೆಳಗಿನ ಜಾವ ಇಳಿಸುವುದು ವಾಡಿಕೆ, ಏಕೆಂದರೆ ರಸ ಚೆನ್ನಾಗಿ ಸುರಿಯುವುದು ತಂಪು ಹೊತ್ತಿನಲ್ಲಿ, ಚಳಿಗಾಲದಲ್ಲಿ. ಕೆತ್ತಿದ ಮೈ ಒಣಗಿದರೆ ಮತ್ತೆ ತೆಳ್ಳಗೆ ಹೆರೆಯಬೇಕು. ಆಳಕ್ಕೆ ಹೆರೆದರೆ ಮರ ಸಾಯುತ್ತದೆ, ಮೇಲುಮೇಲೆ ಹೆರೆದರೆ ರಸ ಬರುವುದಿಲ್ಲ. ಕಸುಬಿನ ಜಾಣ್ಮೆಯೆಲ್ಲ ಈ ಅಂದಾಜಿನಲ್ಲಿದೆ.

ಒಂದು ವರ್ಷ ಒಂದು ಮಗ್ಗುಲು ಕೆತ್ತಿದರೆ ಮುಂದಿನ ವರ್ಷ ಎದುರು ಮಗ್ಗುಲು. ಮರ ಬೆಳೆಯುತ್ತಾ ಹೋದಂತೆ ಹಳೆಯ ಕಚ್ಚುಗಳು ಕೆಳಗುಳಿಯುತ್ತವೆ, ಕಾಂಡ ಅಂಕುಡೊಂಕಾಗಿ ಕಾಣುತ್ತದೆ. ಈ ಕಚ್ಚುಗಳನ್ನು ಎಣಿಸಿದರೆ ಮರ ಎಷ್ಟು ವರ್ಷ ರಸ ಕೊಟ್ಟಿದೆ ಎಂಬ ಲೆಕ್ಕ ಸಿಗುತ್ತದೆ.

ಹುಳಿಯುವ ಬಗೆ

ಆಗತಾನೆ ಇಳಿದ ರಸದಲ್ಲಿ ಸುಮಾರು ಹತ್ತನೇ ಒಂದು ಪಾಲು ಸಕ್ಕರೆ ಇರುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಹುಳಿಯುವುದು ತಡವಾಗುತ್ತದೆ, ಅದು ನೀರಾ. ಸುಣ್ಣವಿಲ್ಲದ ಗಡಿಗೆಯಲ್ಲಿ ಗಾಳಿ, ಕೀಟ, ಕತ್ತಿ, ಹಿಂದಿನ ದಿನದ ಹೆಂಡದ ಜಿಡ್ಡು ಇವೆಲ್ಲವುಗಳಿಂದ ಸೂಕ್ಷ್ಮಜೀವಿಗಳು ಬಂದು ಸೇರುತ್ತವೆ. ಯೀಸ್ಟ್ ಮತ್ತು ಝೈಮೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಮದ್ಯಸಾರವಾಗಿಸುತ್ತವೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಕೊಡುತ್ತವೆ. ಮರದಲ್ಲಿರುವಾಗಲೇ ನೊರೆ ಏಳುತ್ತದೆ. ಒಂದು ದಿನದೊಳಗೆ ಮದ್ಯಸಾರ ಶೇ. 4–5ರ ಆಸುಪಾಸಿಗೆ ಬರುತ್ತದೆ. ಇನ್ನೂ ಇಟ್ಟರೆ ಅಸೆಟಿಕ್ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡಿಬಿಡುತ್ತವೆ. ಹೆಂಡ ದೂರದ ಪೇಟೆಗೆ ಹೋಗದೆ ಮರದ ಸುತ್ತಲಿನ ಊರಿನ ವಸ್ತುವಾಗಿಯೇ ಉಳಿದದ್ದಕ್ಕೆ ಇದು ಮುಖ್ಯ ಕಾರಣ.

ಬೆಲ್ಜಿಯಂನಲ್ಲೊಂದು ಸೋದರ ಪಾನೀಯ

ಹೆಪ್ಪು ಹಾಕದೆ ಗಾಳಿಯನ್ನೇ ನಂಬುವ ಪದ್ಧತಿ ಬ್ರಸೆಲ್ಸ್ ಸುತ್ತಮುತ್ತಲೂ ಇದೆ. ಅಲ್ಲಿನ ಲ್ಯಾಂಬಿಕ್ ಬಿಯರಿಗೆ ಬಾರ್ಲಿ ಮಾಲ್ಟಿನ ಜೊತೆ ಮೊಳಕೆ ಬರಿಸದ ಗೋಧಿಯನ್ನು ಸೇರಿಸಿ ಕುದಿಸುತ್ತಾರೆ. ಆ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ಚಳಿಗಾಲದ ರಾತ್ರಿಯಿಡೀ ತೆರೆದಿಡುತ್ತಾರೆ. ಆಮೇಲೆ ಮರದ ಪೀಪಾಯಿಗಳಲ್ಲಿ 1ರಿಂದ 3 ವರ್ಷ ಹುಳಿಯಬಿಡುತ್ತಾರೆ. ಹೊಸದನ್ನೂ ಹಳೆಯದನ್ನೂ ಬೆರೆಸಿ ಸೀಸೆಗೆ ತುಂಬಿದ್ದು ಗ್ಯೂಜ್.

ಇಪ್ಪತ್ತನೇ ಶತಮಾನದಲ್ಲಿ ಲ್ಯಾಂಬಿಕ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಅದನ್ನು ಉಳಿಸಲು ಬರಹವೂ ನೆರವಾಯಿತು. 1900ರಲ್ಲಿ ಆರಂಭವಾದ ಕಾಂಟಿಯೋನ್ ಕಾರ್ಖಾನೆ 1978ರಲ್ಲಿ ಕೆಲಸ ನಡೆಯುತ್ತಿರುವಾಗಲೇ ತನ್ನನ್ನು ವಸ್ತುಸಂಗ್ರಹಾಲಯವಾಗಿ ತೆರೆಯಿತು. 1970ರ ದಶಕದಲ್ಲಿ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಪೀಪಾಯಿಯೊಳಗೆ ಯಾವ ಜೀವಿ ಯಾವಾಗ ಬರುತ್ತದೆ ಎಂಬುದನ್ನು ಹಂತಹಂತವಾಗಿ ಗುರುತಿಸಿದರು. 1990ರಲ್ಲಿ ಗಿನಾರ್ ಅವರ ‘ಲ್ಯಾಂಬಿಕ್’ ಪುಸ್ತಕ ಬಂತು. ಆಸಕ್ತರು ತೆರಿಗೆ ಪತ್ರ, ಹಳೆಯ ಪತ್ರಿಕೆ, ಸೀಸೆಯ ಚೀಟಿಗಳನ್ನು ಕೂಡಿಹಾಕಿದರು. ಈಚಲು ಹೆಂಡಕ್ಕೆ ಇಂಥ ಬಳಗ ಇನ್ನೂ ಕೂಡಬೇಕಾಗಿದೆ.

ಕನ್ನಡ ನಾಡಿನ ದಾಖಲೆಗಳು

ಕ್ರಿ.ಶ. 941ರ ಸುಮಾರಿನ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಅರಮನೆಯ ವಿನೋದಗಳ ನಡುವೆ ಮದಿರಾಪಾನಕ್ಕೂ ಜಾಗ ಕೊಟ್ಟಿದೆ. ಇವೆರಡೂ ಕುಡಿಯುವವರ ಕಡೆಯಿಂದ ಬರೆದವು. ಮಾರುವವನ ಕಡೆಯಿಂದ ಬಂದ ಅಪರೂಪದ ದನಿ 12ನೇ ಶತಮಾನದ ಶರಣ ಹೆಂಡದ ಮಾರಯ್ಯನದು. ತನ್ನ ಕಾಯಕದ ಮಾತನ್ನೇ ಹಿಡಿದು ಅವನು ವಚನ ಕಟ್ಟಿದ.

1801ರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗದ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕನನ್, ತನ್ನ ಪ್ರವಾಸದುದ್ದಕ್ಕೂ ಬೆಳೆ, ಕಸುಬು, ಜಾತಿಗಳ ವಿವರ ಬರೆದುಕೊಂಡ. ಪುಸ್ತಕ 1807ರಲ್ಲಿ ಅಚ್ಚಾಯಿತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು–ಜಾತಿಗಳ ಸಂಪುಟಗಳಲ್ಲಿ ಈಡಿಗರ ಬಗ್ಗೆ ಪ್ರತ್ಯೇಕ ಬರಹವಿದೆ. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡುಕ ರತ್ನ ಹೆಂಡದಂಗಡಿಯ ಭಾಷೆಯನ್ನು ಕಾವ್ಯಕ್ಕೆ ತಂದ.

ಕೊಡಲಿ ಮತ್ತು ಕಾನೂನು

ಹೆಂಡದ ಚರಿತ್ರೆಯಲ್ಲಿ ಅದರ ವಿರೋಧದ ಚರಿತ್ರೆಯೂ ಸೇರಿದೆ. ಹೆಂಡದಂಗಡಿಯ ಗುತ್ತಿಗೆ ಸರ್ಕಾರಕ್ಕೆ ದೊಡ್ಡ ಆದಾಯ. ಅನೇಕ ಮನೆಗಳಿಗೆ ಸಾಲ, ಜಗಳ, ಹಸಿವು. ಸ್ವಾತಂತ್ರ್ಯ ಚಳವಳಿ ಇವೆರಡನ್ನೂ ಒಟ್ಟಿಗೇ ಕಂಡಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಕಾನೂನು ಮುರಿದರು. ಎಸ್. ನಿಜಲಿಂಗಪ್ಪ ಈ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. ಮರ ಕಡಿದವರ ಕಥೆ ಪಠ್ಯಪುಸ್ತಕ ಸೇರಿತು. ಮರ ಕಳೆದುಕೊಂಡು ಕಸುಬು ಬಿಟ್ಟವರ ಕಥೆಯೂ ಅದರ ಪಕ್ಕದಲ್ಲೇ ಇರಬೇಕು.

ಮುಂದೆ ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್‌ನಂಥ ರಾಸಾಯನಿಕ ಬೆರೆಸುವ ದಂಧೆ ಬೆಳೆದು ಜನರ ಆರೋಗ್ಯ ಕೆಟ್ಟಿತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ರಾಜ್ಯದ ಉಳಿದೆಡೆ ಹೆಂಡ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು.

ದಾಖಲಿಸಲು ಹೊರಟವರಿಗೆ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಹಿಂದೆ ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು; ನ್ಯಾಮತಿಯ ಹಳೆಯ ಕಾಗದಗಳು ಹೊನ್ನಾಳಿಯ ಹೆಸರಿನಲ್ಲಿವೆ. ಆದ್ದರಿಂದ ಅಬಕಾರಿ ಕಡತ, ಗುತ್ತಿಗೆ ಪತ್ರಗಳನ್ನು ಆಯಾ ಹಳೆಯ ಜಿಲ್ಲೆಗಳ ಹೆಸರಿನಲ್ಲೇ ಹುಡುಕಬೇಕು. ಚಿತ್ರದುರ್ಗ (1967), ಶಿವಮೊಗ್ಗ (1975) ಗೆಜೆಟಿಯರುಗಳು ಮೊದಲ ಮೆಟ್ಟಿಲು. ಶಾಸನ ನೋಡುವವರಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ, 11ನೇ ಸಂಪುಟದಲ್ಲಿ ಜಗಳೂರು ಸಿಗುತ್ತವೆ.

ಕಾಗದಕ್ಕಿಂತ ಮೊದಲು ಮನುಷ್ಯರನ್ನು ಕಾಣಬೇಕು. 2004ರಲ್ಲಿ ನಲವತ್ತರ ಆಸುಪಾಸಿನಲ್ಲಿದ್ದ ಹೆಂಡಗಾರನಿಗೆ ಈಗ ಅರವತ್ತು ದಾಟಿದೆ. ಕತ್ತಿ ಹಿಡಿಯುವ ಓರೆ, ರಸ ಕೊಡುವ ಮರದ ಗುರುತು, ಗಡಿಗೆ ತೊಳೆಯುವ ಕ್ರಮ, ಋತುವಿಗೆ ತಕ್ಕ ರುಚಿ, ಅಂಗಡಿಯ ಲೆಕ್ಕ, ಮನೆಯ ಹೆಂಗಸರು ಪಟ್ಟ ಪಾಡು, ಎಲ್ಲವನ್ನೂ ಅವರವರ ಮಾತಿನಲ್ಲೇ ಕೇಳಿ ಧ್ವನಿಮುದ್ರಿಸಬೇಕು. ಉಳಿದಿರುವ ಹಳೆಯ ಈಚಲು ಮರಗಳ ಕಚ್ಚು ಎಣಿಸಿ ಚಿತ್ರ ತೆಗೆದಿಡಬೇಕು. ಹೆಂಡ ಮತ್ತೆ ಬರಬೇಕೋ ಬೇಡವೋ ಎಂಬುದನ್ನು ಜನ, ಸರ್ಕಾರ ತೀರ್ಮಾನಿಸಲಿ. ಒಂದು ಸಮುದಾಯ ನೂರಾರು ವರ್ಷ ಕೈಯಲ್ಲಿ ಉಳಿಸಿಕೊಂಡು ಬಂದ ವಿದ್ಯೆಯನ್ನು ಬರೆದಿಡಲು ಆ ತೀರ್ಮಾನಕ್ಕೆ ಕಾಯಬೇಕಿಲ್ಲ. ಹೇಳಬಲ್ಲವರು ಇನ್ನೂ ಇದ್ದಾರೆ. ಊರಿನ ಶಾಲೆಯ ಮೇಷ್ಟರು, ಕಾಲೇಜಿನ ಹುಡುಗ ಹುಡುಗಿಯರು ಈ ವರ್ಷವೇ ಶುರುಮಾಡಬಹುದಾದ ಕೆಲಸವಿದು.