ಕಡಲೆಕಾಯಿಯ ಹೊತ್ತಿನ ಚಿತ್ರಗಳು



ನನ್ನ ಬಾಲ್ಯದಲ್ಲಿ ನಮ್ಮೂರ ಟೂರಿಂಗ್ ಟಾಕೀಸಿನ ಡೇರೆಯೊಳಗೆ ಕಥಾಚಿತ್ರಕ್ಕೆ ಮೊದಲು ಸರಕಾರದ ‘ನ್ಯೂಸ್ ರೀಲ್’ ತೋರಿಸುತ್ತಿದ್ದರು. ಗಂಭೀರ ಕಂಠವೊಂದು ಅಣೆಕಟ್ಟು, ಉಕ್ಕಿನ ಕಾರ್ಖಾನೆ, ನೆರೆಪೀಡಿತ ಪ್ರದೇಶಕ್ಕೆ ಮಂತ್ರಿಗಳ ಭೇಟಿ ಇತ್ಯಾದಿಗಳನ್ನು ವಿವರಿಸುತ್ತಿತ್ತು. ಜನವರಿಯ ಗಣರಾಜ್ಯೋತ್ಸವದ ಪಥಸಂಚಲನ ನಮ್ಮ ಡೇರೆಯನ್ನು ತಲಪುವ ವೇಳೆಗೆ ಯುಗಾದಿ ಕಳೆದಿರುತ್ತಿತ್ತು. ನೆಲದ ಟಿಕೇಟಿನವರಾದ ನಮಗೆ ಅದು ಹೊರಗೆ ಹೋಗಿ ಕಡಲೆಕಾಯಿ ಕೊಳ್ಳುವ ಸಮಯ. ಅದನ್ನು ತೆಗೆದವರು ಯಾರು, ಹಣ ಕೊಟ್ಟವರು ಯಾರು, ಯಾರೂ ಬೇಡದಿದ್ದರೂ ತೋರಿಸುತ್ತಿದ್ದುದೇಕೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ದಶಕಗಳ ಕಾಲ ಇತಿಹಾಸ ಪಾಠ ಹೇಳಿದ ಮೇಲೂ ಬಹುಕಾಲ ಬರಲಿಲ್ಲವೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ.

ಇದರ ಮೂಲವಿರುವುದು ಎರಡನೆಯ ಮಹಾಯುದ್ಧದಲ್ಲಿ. ಭಾರತೀಯರನ್ನು ಯುದ್ಧದ ಪರವಾಗಿ ಒಲಿಸಿಕೊಳ್ಳಲು ಬ್ರಿಟಿಷ್ ಸರಕಾರ ‘ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ಘಟಕವನ್ನು ನಡೆಸುತ್ತಿತ್ತು. ಜನ ಅವನ್ನು ತಾವಾಗಿ ನೋಡುವುದಿಲ್ಲವೆಂಬುದು ಅಧಿಕಾರಿಗಳಿಗೆ ತಿಳಿದಿತ್ತು. ಆದುದರಿಂದ 1943ರಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಹೊಸದೊಂದು ನಿಯಮವನ್ನು ಸೇರಿಸಿದರು: ಪ್ರತಿಯೊಂದು ಪ್ರದರ್ಶನದಲ್ಲಿಯೂ 2000 ಅಡಿಗಳವರೆಗೆ ಸರಕಾರ ಒಪ್ಪಿದ ಚಿತ್ರವನ್ನು ಓಡಿಸತಕ್ಕದ್ದು. 35 ಮಿಲಿಮೀಟರ್ ಫಿಲ್ಮಿನಲ್ಲಿ ನಿಮಿಷಕ್ಕೆ 90 ಅಡಿ ಸಾಗುವುದರಿಂದ ಇದು ಸುಮಾರು 22 ನಿಮಿಷ. ಚಿತ್ರಮಂದಿರದವನು ಅದಕ್ಕೆ ಬಾಡಿಗೆಯನ್ನೂ ತೆರಬೇಕಾಗಿತ್ತು!

ನಮ್ಮ ರಾಷ್ಟ್ರೀಯ ನಾಯಕರಿಗೆ ಇದು ಹಿಡಿಸದಿದ್ದುದು ಸಹಜ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಕೇಂದ್ರ ಶಾಸನಸಭೆಯಲ್ಲಿ ಆ ಘಟಕದ ಅನುದಾನಕ್ಕೆ ಕತ್ತರಿ ಬಿದ್ದು ಅದು ಮುಚ್ಚಿಹೋಯಿತು. ಅದರ ಫಲವೇನಾಯಿತು ಗೊತ್ತೇ? 1947ರ ಆಗಸ್ಟ್ ಬಂದಾಗ ಭಾರತ ಸರಕಾರದ ಬಳಿ ತನ್ನದೇ ಆದ ಚಲನಚಿತ್ರ ಘಟಕವೊಂದೂ ಇರಲಿಲ್ಲ. ನಾವಿಂದು ನೋಡುವ ಸ್ವಾತಂತ್ರ್ಯೋತ್ಸವದ ದೃಶ್ಯಗಳು ಖಾಸಗಿ ಛಾಯಾಗ್ರಾಹಕರು ಹಾಗೂ ವಿದೇಶೀ ವಾರ್ತಾಚಿತ್ರ ಸಂಸ್ಥೆಗಳವರು ತೆಗೆದವು. ನನ್ನ ತರಗತಿಯಲ್ಲಿ ಹುಡುಗನೊಬ್ಬ, “ಸಾರ್, ಆವತ್ತಿನ ಸಿನಿಮಾ ಇದೆಯಾ?” ಎಂದು ಕೇಳಿದ್ದ. ಇದೆ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಟ್ಟಿದ್ದೆ. ಯಾರು ತೆಗೆದರೆಂಬುದೇ ಒಂದು ಪಾಠವಾಗಬಹುದಿತ್ತು.

1948ರಲ್ಲಿ ಸ್ವತಂತ್ರ ಭಾರತದ ಫಿಲ್ಮ್ಸ್ ಡಿವಿಷನ್ ಮುಂಬಯಿಯಲ್ಲಿ ಆರಂಭವಾಯಿತು. ಪರಕೀಯರ ಕಾಲದಲ್ಲಿ ನಾವು ವಿರೋಧಿಸಿದ್ದ ಕಡ್ಡಾಯ ಪ್ರದರ್ಶನವೂ ಬಾಡಿಗೆಯೂ ಬೇರೆ ಹೆಸರಿನಲ್ಲಿ ಮರಳಿ ಬಂದವು. ಮುಂದೆ 1952ರ ಚಲನಚಿತ್ರ ಕಾಯಿದೆಯಡಿ ಚಿತ್ರಮಂದಿರದ ಪರವಾನಗಿಯ ಷರತ್ತೇ ಆದವು. ಪ್ರದರ್ಶಕರು ನ್ಯಾಯಾಲಯಕ್ಕೆ ಹೋದರೂ 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ವ್ಯಾಪಾರದ ದೃಷ್ಟಿಯಿಂದ ಇದೊಂದು ವಿಚಿತ್ರ ಏರ್ಪಾಡು. ಜಗತ್ತಿನ ಎಲ್ಲೆಡೆ ಸಾಕ್ಷ್ಯಚಿತ್ರಕಾರನಿಗೆ ಇರುವ ಎರಡು ಚಿಂತೆಗಳು ಹಣ ಮತ್ತು ಪ್ರೇಕ್ಷಕ. ಇಲ್ಲಿ ಎರಡೂ ಕುಳಿತಲ್ಲಿಗೇ ಬರುತ್ತಿದ್ದವು. ಆದರೆ ಪ್ರೇಕ್ಷಕನ ಭಯವಿಲ್ಲದ ಕಸುಬು ಬೇಗ ಸೊರಗುತ್ತದೆ. ಮೂಕವಾಗಿ ಚಿತ್ರೀಕರಿಸಿಕೊಂಡು ಬರುವುದು, ಕಛೇರಿಯಲ್ಲಿ ವಿವರಣೆ ಬರೆದು ಒಪ್ಪಿಗೆ ಪಡೆಯುವುದು, ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಅದನ್ನು ಅನುವಾದಿಸಿ ಮೇಲೆ ಹೊದಿಸುವುದು: ಇದೇ ರೂಢಿಯಾಯಿತು. ತೆರೆಯ ಮೇಲಿನ ರೈತ ನೇಗಿಲು ಹಿಡಿಯುತ್ತಾನೆ, ನಗುತ್ತಾನೆ, ಮಾತನಾಡುವುದಿಲ್ಲ. ಅವನ ಪರವಾಗಿ ಆ ಗಂಭೀರ ಕಂಠವೇ ಮಾತನಾಡುತ್ತದೆ. ನಾವು ಕಡಲೆಕಾಯಿಗೆ ಓಡಿದುದರಲ್ಲಿ ನಮ್ಮ ತಪ್ಪು ಅಷ್ಟೇನೂ ಇರಲಿಲ್ಲವೆಂದು ಈಗಲೂ ಅನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. 1960ರ ದಶಕದ ನಡುವಿನಲ್ಲಿ ಯುನೆಸ್ಕೋದಲ್ಲಿದ್ದ ಜೀನ್ ಭಾವನಗರಿಯವರು ಮುಖ್ಯ ಸಲಹೆಗಾರರಾಗಿ ಬಂದರು. ಕಿರಿಯರಿಗೆ ಧೈರ್ಯ ಕೊಟ್ಟರು. 1967 ಒಂದೇ ವರ್ಷದ ಫಸಲು ನೋಡಿ. ಸುಖದೇವ್ ಅವರ ‘ಇಂಡಿಯಾ 67’ ಒಂದು ಮಾತಿನ ವಿವರಣೆಯೂ ಇಲ್ಲದೆ ದೇಶದ ಉದ್ದಗಲ ಸಂಚರಿಸುತ್ತದೆ. ಚಿತ್ರಕಲಾವಿದ ಎಂ. ಎಫ್. ಹುಸೇನರು ರಾಜಸ್ಥಾನದಲ್ಲಿ ತೆಗೆದ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’ ಬರ್ಲಿನ್ ಉತ್ಸವದಲ್ಲಿ ಬಹುಮಾನ ಗಳಿಸಿತು. ಎಸ್. ಎನ್. ಎಸ್. ಶಾಸ್ತ್ರಿಯವರ ‘ಐ ಆ್ಯಮ್ 20’ಯಲ್ಲಿ 1947ರಲ್ಲಿ ಹುಟ್ಟಿದ ಯುವಕ ಯುವತಿಯರು ಕ್ಯಾಮೆರಾದ ಮುಂದೆ ತಾವೇ ಮಾತನಾಡುತ್ತಾರೆ. ಒಬ್ಬನಿಗೆ ಬೆಟ್ಟದಷ್ಟು ಕನಸು. ಇನ್ನೊಬ್ಬ ತನ್ನ ನಿರಾಶೆಯನ್ನು ಮುಚ್ಚಿಡುವುದಿಲ್ಲ. ಸರಕಾರದ ಹಣದಲ್ಲಿ ತೆಗೆದ ಚಿತ್ರದಲ್ಲಿ ಇಂಥ ಮಾತು! ಟಿಕೇಟಿನ ಗಳಿಕೆಯನ್ನೇ ನಂಬಿದ ನಿರ್ಮಾಪಕ ಇದಕ್ಕೆ ದುಡ್ಡು ಹಾಕುತ್ತಿದ್ದನೇ ಎಂಬುದು ನನಗೆ ಅನುಮಾನ. ಯಾವ ಆಶ್ರಯ ನೂರಾರು ನೀರಸ ಚಿತ್ರಗಳನ್ನು ಸಾಕಿತೋ ಅದೇ ಇವುಗಳನ್ನೂ ಸಾಕಿತು. ಈ ಗಂಟನ್ನು ಬಿಡಿಸಲು ನನಗಿನ್ನೂ ಆಗಿಲ್ಲ.

ಆ ಗಾಳಿ ಬಹಳ ಕಾಲ ಬೀಸಲಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಅದೇ ಸುಖದೇವ್ ಸರಕಾರದ ಪರವಾಗಿ ಚಿತ್ರ ತೆಗೆದರು. ಆನಂದ ಪಟವರ್ಧನರಂಥವರು ಹೊರಗಿದ್ದು, ಅಂದಿನ ರಾಜಕೀಯ ಕೈದಿಗಳ ಬಗ್ಗೆ ‘ಪ್ರಿಸನರ್ಸ್ ಆಫ್ ಕಾನ್ಶಿಯೆನ್ಸ್’ (1978) ಮಾಡಿದರು. ಟೆಲಿವಿಷನ್ ಮನೆಮನೆಗೆ ಬಂದ ಮೇಲೆ ನ್ಯೂಸ್ ರೀಲನ್ನು ಕೇಳುವವರೇ ಇಲ್ಲವಾದರು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಫಿಲ್ಮ್ಸ್ ಡಿವಿಷನ್ನನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಳಿಸಲು ತೀರ್ಮಾನಿಸಿತು. 2022ರಲ್ಲಿ ಅದಕ್ಕೆ ಆದೇಶವೂ ಹೊರಟಿತು.

ನನ್ನ ಹಿರಿಯಣ್ಣ ಹುಟ್ಟಿದ್ದು 1947ರಲ್ಲಿ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಗಳ ಲ್ಯಾಪ್‌ಟಾಪಿನಲ್ಲಿ ಅವನಿಗೆ ‘ಐ ಆ್ಯಮ್ 20’ ಹಾಕಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಮಾತಿಲ್ಲದೆ ಕೊನೆಯವರೆಗೂ ನೋಡಿದ. ಆಮೇಲೆ, “ಇದು ನಮ್ಮೂರ ಡೇರೆಗೂ ಬಂದಿತ್ತೇನೋ?” ಎಂದು ಕೇಳಿದ.

“ಬಂದಿರಬಹುದು ಅಣ್ಣಾ. ನಾವು ಹೊರಗಿದ್ದೆವು,” ಎಂದೆ.