ಹೋತದ ಹೆಸರಿನ ಕಪ್ಪು ಬಿಯರು: ಐನ್‌ಬೆಕ್‌ನಿಂದ ಇಂದಿರಾನಗರದವರೆಗೆ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವರಿಗೆ ಒಮ್ಮೊಮ್ಮೆ ಒಂದು ವಾಸನೆ ಎದುರಾಗುತ್ತದೆ. ಮೊಳಕೆ ಕಟ್ಟಿ ಹುರಿದ ರಾಗಿಯ ಹಿಟ್ಟನ್ನು ಬಿಸಿನೀರಿಗೆ ಕದಡಿದಂತಹ ವಾಸನೆ. ಮಗುವಿಗೆ ಸರಿ ಮಾಡುವ ಮನೆಯೊಂದು ಹತ್ತಿರದಲ್ಲೇ ಇರಬೇಕೆಂದು ಯಾರಾದರೂ ಭಾವಿಸಿದರೆ ತಪ್ಪಲ್ಲ. ಆದರೆ ಅದು ಬರುವುದು ಬಿಯರು ತಯಾರಿಸಿ ಅಲ್ಲೇ ಮಾರುವ ಸಣ್ಣ ಬ್ರೂವರಿಗಳ ತಾಮ್ರ, ಉಕ್ಕಿನ ಹಂಡೆಗಳಿಂದ. 2010ರಲ್ಲಿ ಇದೇ ರಸ್ತೆಯಲ್ಲಿ ಟಾಯ್ಟ್ ಆರಂಭವಾದ ಮೇಲೆ ಈ ಬಗೆಯ ಮಳಿಗೆಗಳಿಗೆ ಇಂದಿರಾನಗರ ಹೆಸರಾಯಿತು.

ಸರ್ಕಾರಿ ವಾಹಿನಿಯವರಿಗೆ ಮದ್ಯದ ಗೊಡವೆ ಏಕೆ ಎಂದು ನನ್ನ ಸಹೋದ್ಯೋಗಿಗಳೇ ಕೇಳಿದರು. ನಮ್ಮ ಕ್ಯಾಮೆರಾ ಲೋಟವನ್ನು ತೋರಿಸುವುದಿಲ್ಲ, ಹಂಡೆಯನ್ನು ತೋರಿಸುತ್ತದೆ ಎಂದೆ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ; ಓದುಗರಲ್ಲಿ ಬಹುಪಾಲು ಜನ ಆ ವಯಸ್ಸಿನ ಕೆಳಗಿನವರು. ಆದರೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಚರಿತ್ರೆ ಮೂರೂ ಒಂದೇ ಪಾತ್ರೆಯಲ್ಲಿ ಹುದುಗುವ ಪ್ರಸಂಗಗಳು ಬಹಳ ಇಲ್ಲ. ಅಂತಹ ಒಂದು ಪ್ರಸಂಗ ಜರ್ಮನಿಯ ಕಪ್ಪು, ಗಟ್ಟಿ ಬಿಯರಾದ ಬಾಕ್ ಹಾಗೂ ಅದರ ಅಣ್ಣನಾದ ಡಾಪಲ್‌ಬಾಕ್.

ಮೊದಲು ಮಾಲ್ಟ್ ಎಂದರೇನೆಂದು ತಿಳಿಯೋಣ. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಇನ್ನೂ ಚಿಕ್ಕದಿರುವಾಗಲೇ ಒಣಗಿಸಿ ಬಿಸಿಗಾಳಿಯಲ್ಲಿ ಕಾಯಿಸಿದರೆ ಅದೇ ಮಾಲ್ಟ್. ನಮ್ಮ ಅಜ್ಜಿಯರು ರಾಗಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಮೊಳಕೆಯ ರಾಗಿ ಹಿಟ್ಟಿನ ಸರಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗಾಗುವುದು, ಸ್ವಲ್ಪ ಸಿಹಿಯಾಗುವುದು ಆ ಕಿಣ್ವದ ಕೆಲಸದಿಂದ. ಹಿಮಾಲಯದ ಕಡೆ ಅದೇ ರಾಗಿಯಿಂದ ಹುದುಗು ಬರಿಸಿ ತೊಂಗ್ಬಾ ಎಂಬ ಪೇಯವನ್ನೂ ಮಾಡುತ್ತಾರೆ. ಬಾರ್ಲಿ ಮೊಳಕೆಯನ್ನು ಹೆಚ್ಚು ಶಾಖದಲ್ಲಿ ಕಾಯಿಸಿದರೆ ಸಕ್ಕರೆ ಹಾಗೂ ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣ, ಬ್ರೆಡ್ಡಿನ ಅಂಚಿನ ಪರಿಮಳ ಹುಟ್ಟುತ್ತದೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದ ಈ ಕ್ರಿಯೆಯೇ ದೋಸೆಯ ಕೆಂಪಿಗೂ ಕಾರಣ, ಕಾಫಿಬೀಜದ ಘಮಕ್ಕೂ ಕಾರಣ.

ಈಗ ಕಥೆಗೆ ಬರೋಣ. ಉತ್ತರ ಜರ್ಮನಿಯ ಐನ್‌ಬೆಕ್ ಎಂಬ ಪಟ್ಟಣ ಮಧ್ಯಯುಗದಲ್ಲಿ ಬಿಯರಿಗೆ ಹೆಸರಾಗಿತ್ತು. 1378ರ ಒಂದು ರಸೀದಿಯಲ್ಲಿ ಅಲ್ಲಿಂದ ಬಿಯರು ಹೊರಗೆ ಹೋದದ್ದು ದಾಖಲಾಗಿದೆ. ಬವೇರಿಯದ ಅರಮನೆಯವರು ದೂರದಿಂದ ಅದನ್ನು ತರಿಸಿ ತರಿಸಿ ಖರ್ಚಿಗೆ ಬೇಸತ್ತರು. 1589ರಲ್ಲಿ ಡ್ಯೂಕ್ ಐದನೇ ವಿಲ್ಹೆಲ್ಮ್ ಮ್ಯೂನಿಕ್‌ನಲ್ಲಿ ಹಾಫ್‌ಬ್ರಾಯ್‌ಹೌಸ್ ಎಂಬ ಆಸ್ಥಾನದ ಬ್ರೂವರಿಯನ್ನು ಸ್ಥಾಪಿಸಿದ. ಮುಂದಿನ ಶತಮಾನದ ಆರಂಭದಲ್ಲಿ ಐನ್‌ಬೆಕ್‌ನಿಂದಲೇ ಎಲಿಯಾಸ್ ಪಿಖ್ಲರ್ ಎಂಬ ಕುಶಲಿಯನ್ನು ಕರೆಸಿಕೊಂಡರು. ‘ಐನ್‌ಬೆಕ್’ ಎಂಬ ಊರಿನ ಹೆಸರು ಬವೇರಿಯದವರ ನಾಲಗೆಯಲ್ಲಿ ತಿರುಚಿ ‘ಐನ್ ಬಾಕ್’ ಆಯಿತು. ಅವರ ಭಾಷೆಯಲ್ಲಿ ಬಾಕ್ ಎಂದರೆ ಹೋತ. ಇಂದಿಗೂ ಈ ಬಿಯರಿನ ಸೀಸೆಗಳ ಮೇಲೆ ಹೋತದ ಚಿತ್ರವಿರುವುದು ಈ ಅಪಭ್ರಂಶದಿಂದಲೇ. ಹೊರಗಿನವರ ನಾಲಗೆಯಲ್ಲಿ ನಮ್ಮ ಹಲಸೂರು ಅಲ್ಸೂರ್ ಆದದ್ದನ್ನು ನೆನೆಸಿಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಎರಡನೆಯ ಅಧ್ಯಾಯ ಮಠದ್ದು. ಮ್ಯೂನಿಕ್‌ನಲ್ಲಿದ್ದ ಪೌಲಾನರ್ ಸನ್ಯಾಸಿಗಳ ಬಿಯರಿನ ಉಲ್ಲೇಖ 1634ರಷ್ಟು ಹಿಂದೆಯೇ ಸಿಗುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವರಿಗೆ ಕಠಿಣ ಉಪವಾಸ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸುತ್ತಮುತ್ತ ಬೆಳೆದವರಿಗೆ ಆ ನಲವತ್ತು ದಿನಗಳ ನೇಮ ಗೊತ್ತು. ದ್ರವಪದಾರ್ಥದಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಸನ್ಯಾಸಿಗಳ ವಾದ. ಏಕಾದಶಿಯಂದು ಹಾಲು-ಹಣ್ಣಿನ ಲೆಕ್ಕ ಹಾಕುವ ನಾವು ಅವರನ್ನು ನೋಡಿ ನಗುವಂತಿಲ್ಲ. ಹಾಗಾಗಿ ಮಾಲ್ಟನ್ನು ಧಾರಾಳವಾಗಿ ಹಾಕಿ, ರೊಟ್ಟಿಯ ಬದಲಿಗೆ ನಿಲ್ಲುವಂತಹ ದಟ್ಟ ಬಿಯರನ್ನು ಮಾಡಿದರು. ರಕ್ಷಕ ಎಂಬ ಅರ್ಥದ ‘ಸಾಲ್ವಾಟರ್’ ಎಂಬ ಹೆಸರು ಅದಕ್ಕೆ ನಿಂತಿತು. ಮುಂದೆ ಇತರ ಕಂಪನಿಗಳು ಆ ಹೆಸರು ಬಳಸುವಂತಿಲ್ಲವೆಂದಾದಾಗ ಬಾಲವನ್ನಷ್ಟೇ ಉಳಿಸಿಕೊಂಡು ಸೆಲೆಬ್ರೇಟರ್, ಆಪ್ಟಿಮೇಟರ್, ಟ್ರಯಂಫೇಟರ್ ಎಂದೆಲ್ಲ ಹೆಸರಿಟ್ಟವು. ಇವೇ ಡಾಪಲ್‌ಬಾಕ್‌ಗಳು, ಅಂದರೆ ಇಮ್ಮಡಿ ಬಾಕ್.

ವಿಜ್ಞಾನದ ದೃಷ್ಟಿಯಿಂದ ನನಗೆ ಹೆಚ್ಚು ರೋಚಕವೆನಿಸುವುದು ತಣ್ಣನೆಯ ಭಾಗ. ಬೇಸಿಗೆಯಲ್ಲಿ ಬಿಯರು ಹುಳಿಯುತ್ತದೆಂದು 1553ರಲ್ಲಿ ಬವೇರಿಯದ ಡ್ಯೂಕ್, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರು ತಯಾರಿಸುವುದನ್ನೇ ನಿಷೇಧಿಸಿದ. ಚಳಿಗಾಲದಲ್ಲಿ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಹೀಗೆ ದಾಸ್ತಾನು ಮಾಡುವುದಕ್ಕೆ ಜರ್ಮನಿನಲ್ಲಿರುವ ಮಾತಿನಿಂದಲೇ ‘ಲಾಗರ್’ ಬಂತು. ಆ ಚಳಿಯಲ್ಲಿ ಸಾಮಾನ್ಯ ಯೀಸ್ಟ್ ಮಂಕಾಗುತ್ತದೆ; ಆದರೆ ಪಾತ್ರೆಯ ತಳದಲ್ಲಿ ನಿಂತು ನಿಧಾನವಾಗಿ ದುಡಿಯುವ ಒಂದು ಬೇರೆ ಯೀಸ್ಟ್ ಮೇಲುಗೈ ಪಡೆಯಿತು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ 1883ರಲ್ಲಿ ಇದನ್ನು ಒಂದೇ ಕೋಶದಿಂದ ಶುದ್ಧವಾಗಿ ಬೆಳೆಸಿದ. ಅದು ಎರಡು ಪ್ರಭೇದಗಳ ಮಿಶ್ರಸಂತಾನವೆಂದು ಆಮೇಲೆ ತಿಳಿಯಿತು. ಒಂದು ಪೋಷಕ ಬ್ರೆಡ್ಡಿನ ಪರಿಚಿತ ಯೀಸ್ಟ್. ಇನ್ನೊಂದು 2011ರವರೆಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯದ ಕಾಡುಮರಗಳ ಮೇಲೆ! ಅನಂತರ ಟಿಬೆಟ್ಟಿನಲ್ಲೂ ಕಂಡಿತು. ಈ ಬೆರಕೆ ನಡೆದದ್ದು 17ನೇ ಶತಮಾನದ ಆರಂಭದಲ್ಲಿ, ಬಾಕ್ ಬೆಳೆದ ಅದೇ ಹಾಫ್‌ಬ್ರಾಯ್‌ಹೌಸಿನಲ್ಲಿರಬಹುದು ಎಂಬ ಊಹೆಯೊಂದು 2023ರಲ್ಲಿ ಪ್ರಕಟವಾಗಿದೆ. ಊಹೆಯೆಂದೇ ಅದನ್ನು ತೆಗೆದುಕೊಳ್ಳಬೇಕು.

ಬೆಂಗಳೂರಿಗೆ ಲಾಗರ್ ತಡವಾಗಿ ಬಂತು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಬಂದು ಹಲಸೂರಿನ ಬಳಿ ದಂಡು ಹೂಡಿದಾಗ ಸಿಪಾಯಿಗಳಿಗೆ ಬೇಕಾದದ್ದು ಇಂಗ್ಲೆಂಡಿನ ಪೋರ್ಟರ್ ಮತ್ತು ಏಲ್. ಪೋರ್ಟರ್ ಕೂಡ ಕಪ್ಪೇ. ಆದರೆ ಬೆಚ್ಚನೆಯ ಹುದುಗಿನದು, ಬಾಕ್‌ಗೆ ನೆಂಟಸ್ತಿಕೆಯಿಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಸೈನಿಕರಿಗೆ ಮುಟ್ಟಿಸುತ್ತಿದ್ದ ಕಾಲ ಅದು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಈಗ ಯುಬಿ ಸಿಟಿಯ ಗಾಜಿನ ಗೋಪುರಗಳಿರುವ ಜಾಗದಲ್ಲಿ ಹಿಂದೆ ಬ್ರೂವರಿಯಿತ್ತು. ಉಷ್ಣದೇಶದಲ್ಲಿ ಲಾಗರ್ ಸಾಧ್ಯವಾದದ್ದು 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ರೂಪಿಸಿದ ಶೈತ್ಯಯಂತ್ರದಿಂದ. ಆ ಯಂತ್ರಕ್ಕೆ ಮೊದಲು ಕೈಹಿಡಿದವರೂ ಮ್ಯೂನಿಕ್‌ನ ಬಿಯರು ತಯಾರಕರೇ. ನಿಮ್ಮ ಮನೆಯ ಫ್ರಿಜ್ಜಿನ ವಂಶವೃಕ್ಷದಲ್ಲಿ ಒಂದು ಬ್ರೂವರಿ ಇದೆ.

ಹಾಗಾದರೆ ಇಂದಿರಾನಗರದಲ್ಲಿ ಬಾಕ್ ಏಕೆ ಅಪರೂಪ? ಕಾರಣ ಬಾಡಿಗೆ. ಗೋಧಿ ಬಿಯರು ಎರಡು ಮೂರು ವಾರಗಳಲ್ಲಿ ಸಿದ್ಧ. ಡಾಪಲ್‌ಬಾಕ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ತಿಂಗಳು ಕೂರಬೇಕು. ಅಷ್ಟು ದಿನ ಒಂದು ತೊಟ್ಟಿ ಕಟ್ಟಿಬಿದ್ದರೆ ನೂರಡಿ ರಸ್ತೆಯ ನೆಲಬಾಡಿಗೆ ಗಿಟ್ಟೀತೆ? ಸನ್ಯಾಸಿಗಳಿಗೆ ಈ ಚಿಂತೆ ಇರಲಿಲ್ಲ.

ಬಲ್ಲವರು ಇದನ್ನು ಪರೀಕ್ಷಿಸುವ ಕ್ರಮವೂ ಅವಸರದ್ದಲ್ಲ. ತೀರ ತಣ್ಣಗಿದ್ದರೆ ಪರಿಮಳದ ಅಣುಗಳು ಮೇಲೇಳವು. ಆದ್ದರಿಂದ ಹತ್ತು ಡಿಗ್ರಿಯ ಸುತ್ತ ಇಡುತ್ತಾರೆ. ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ಮಾಣಿಕ್ಯದ ಕೆಂಪು ಕಾಣಬೇಕು. ಮೂಗಿಗೆ ಅಯ್ಯಂಗಾರ್ ಬೇಕರಿಯ ಬ್ರೆಡ್ಡಿನ ಅಂಚು, ಬೆಲ್ಲದ ಪಾಕ, ಒಣದ್ರಾಕ್ಷಿ. ಸೀದ ಕಾಫಿಯ ಕಹಿ ಬಂದರೆ ಅದು ಬಾಕ್ ಅಲ್ಲ. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರಾಟವಾಗುವ ಹಳದಿ ಬಿಯರಿನ ಬಲ ಬಹಳ ಮಟ್ಟಿಗೆ ಸಕ್ಕರೆ, ಅಕ್ಕಿ, ಜೋಳದಂತಹ ಪೂರಕಗಳಿಂದ ಬರುವುದು; ಇದರ ಬಲವೆಲ್ಲ ಮೊಳಕೆಕಾಳಿನದು.

ಆದರೆ ಸಿಹಿ ಮೋಸ ಮಾಡುತ್ತದೆ. ಶೇಕಡಾ 7.5ರ ಬಿಯರು ಅರ್ಧ ಲೀಟರಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಶೇಕಡಾ 5ರ ಸಣ್ಣ ಸೀಸೆಯ ಎರಡರಷ್ಟಕ್ಕೂ ಹೆಚ್ಚು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ. ಗ್ರಾಂ ಮತ್ತು ಮಿಲಿಗ್ರಾಂಗಳ ಅಂತರವನ್ನು ನೀವೇ ಲೆಕ್ಕ ಹಾಕಿ. ಲೋಟದಲ್ಲಿ ಏನಿದೆಯೆಂದು ತಿಳಿಯದ್ದರ ಬೆಲೆಯನ್ನು ಈ ಊರು ಕಂಡಿದೆ. 1981ರ ಜುಲೈನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಮದ್ಯ ಕುಡಿದು ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರು ಸತ್ತರು. ಕಾಳು ಹುದುಗಿದರೆ ಆ ವಿಷ ಅಷ್ಟು ಹುಟ್ಟುವುದಿಲ್ಲ. ಅದು ಕೈಗಾರಿಕೆಯ ದ್ರಾವಕ, ಲಾಭಕ್ಕಾಗಿ ಬೆರೆಸಿದ್ದು. ಇಥೈಲ್‌ಗೂ ಮಿಥೈಲ್‌ಗೂ ಇರುವ ವ್ಯತ್ಯಾಸ ಪಠ್ಯದಲ್ಲಿ ಒಂದು ಇಂಗಾಲದ ಪರಮಾಣು, ಎರಡು ಜಲಜನಕದ ಪರಮಾಣು. ಈ ಪಾಠ ಮಾಡುವಾಗ ನಮ್ಮ ಮೇಷ್ಟರು 1981ರ ಮಾತು ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಇಂದಿರಾನಗರದ ನಿವಾಸಿಗಳಿಗೂ ತಮ್ಮದೇ ತಕರಾರಿದೆ. ಮನೆಗಳಿಗೆಂದು ರೂಪಿಸಿದ ಬಡಾವಣೆಯಲ್ಲಿ ರಾತ್ರಿಯ ಸದ್ದು, ವಾಹನಗಳ ಸಾಲು. ಆ ದೂರು ಹೈಕೋರ್ಟಿನವರೆಗೂ ಹೋಯಿತು. ಅದನ್ನು ಅಲ್ಲಗಳೆಯಲಾರೆ.

ಚಿತ್ರೀಕರಣ ಮುಗಿದ ದಿನ ಅಲ್ಲಿನ ತಯಾರಕರು ಕಂದು ಮಾಲ್ಟಿನ ಒಂದು ಹಿಡಿ ಕಾಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಮನೆಯಲ್ಲಿ ಅಮ್ಮ ಎರಡು ಕಾಳು ಬಾಯಿಗೆ ಹಾಕಿಕೊಂಡು ಅಗಿದು, “ಚೆನ್ನಾಗಿ ಹುರಿದಿದ್ದಾರೆ ಕಣೋ. ಯಾರ ಮನೇಲಿ ಮಗು?” ಎಂದರು.