ತಿಕ್ಕಿದಷ್ಟೂ ಕಲೆ

ನಲ್ಲಿಯ ಕೆಳಗೆ ತುಕ್ಕಿನ ಬಣ್ಣದ ಉದ್ದನೆಯ ಗೆರೆ, ನೀರು ಹೋಗುವ ತೂತಿನ ಸುತ್ತ ನೀಲಿ ಬೆರೆತ ಹಸಿರು ಬಳೆ, ಎಲ್ಲೋ ಒಂದು ಕಡೆ ಔಷಧಿ ಚೆಲ್ಲಿ ಉಳಿದ ಕಂದು ಮಚ್ಚೆ. ಹಳೆಯ ಎನಾಮೆಲ್ ಬಾತ್‌ಟಬ್‌ನಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇದು ಕೊಳೆ, ಸಾಕಷ್ಟು ಬಲ ಹಾಕಿದರೆ ಹೋದೀತು ಎಂದು ನಂಬಿ ತಿಕ್ಕಿದವರಿಗೆ ಲೆಕ್ಕವಿಲ್ಲ. ಆದರೆ ಕೊಳೆ ಮೇಲೆ ಕೂರುವಂಥದ್ದು, ಹಠ ಹಿಡಿದ ಕಲೆ ಒಳಗೆ ಇಳಿದದ್ದು. ಇಳಿಯಬೇಕಾದರೆ ದಾರಿ ಬೇಕು. ಆ ದಾರಿಯನ್ನು ತೆರೆದುಕೊಟ್ಟವರು ಯಾರು ಎಂದು ಹುಡುಕುತ್ತಾ ಹೋದರೆ ಅಮೆರಿಕದ ಸ್ನಾನದ ಮನೆಯ ಚರಿತ್ರೆ ಒಂದು ಇರಿಸುಮುರಿಸಿನ ಉತ್ತರ ಕೊಡುತ್ತದೆ: ಬಹುಮಟ್ಟಿಗೆ, ಕಲೆ ತೆಗೆಯಲು ಹೊರಟವರೇ.

ಎನಾಮೆಲ್ ಬರುವ ಮೊದಲು ಅನುಕೂಲಸ್ಥರ ಮನೆಯ ತೊಟ್ಟಿ ಎಂದರೆ ಮರದ ಪೆಟ್ಟಿಗೆಯೊಳಗೆ ಹೊದಿಸಿದ ತಾಮ್ರದ ಅಥವಾ ಸತುವಿನ ತಗಡು. ಅದು ಕಪ್ಪಾಗುತ್ತಿತ್ತು, ಯಾರೂ ಅದನ್ನು ಕಲೆ ಎನ್ನುತ್ತಿರಲಿಲ್ಲ. ಲೋಹ ಕಪ್ಪಾಗುವುದು ಸಹಜ, ಹುಳಿ ಹಾಕಿ ಉಜ್ಜಿದರೆ ಮತ್ತೆ ಹೊಳೆಯುವುದೂ ಸಹಜ. ನಮ್ಮ ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಗೆ ಹುಣಿಸೆಹಣ್ಣು ಹಚ್ಚಿ ತೊಳೆಯುವಾಗ ನಡೆಯುವುದೂ ಇದೇ. ಆಮ್ಲ ಮೇಲಿನ ಕಿಲುಬನ್ನು ಕರಗಿಸುತ್ತದೆ, ಕೆಳಗಿನಿಂದ ಹೊಸ ತಾಮ್ರ ಮುಖ ತೋರಿಸುತ್ತದೆ. ಎಷ್ಟು ತಲೆಮಾರು ಉಜ್ಜಿದರೂ ಹಂಡೆ ಹಂಡೆಯೇ. 1883ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್ಗನ್ ಊರಿನ ಜಾನ್ ಮೈಕೆಲ್ ಕೋಲರ್ ಎಂಬ ಕಬ್ಬಿಣದ ಎರಕದ ವ್ಯಾಪಾರಿ, ಕುದುರೆಗೆ ನೀರಿಡುವ, ಹಂದಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವ ತೊಟ್ಟಿಗೆ ಎನಾಮೆಲ್ ಹೊದಿಸಿ, ನಾಲ್ಕು ಕಾಲು ಕೊಟ್ಟು, ಇದು ಸ್ನಾನಕ್ಕೂ ಆಗುತ್ತದೆ ಎಂದು ಮಾರತೊಡಗಿದ. ಮೊದಲ ಗಿರಾಕಿಯಾದ ರೈತ ಒಂದು ಹಸು ಮತ್ತು ಹದಿನಾಲ್ಕು ಕೋಳಿ ಕೊಟ್ಟು ಕೊಂಡ ಎಂಬುದು ಕೋಲರ್ ಕಂಪನಿ ಹೇಳಿಕೊಂಡು ಬಂದಿರುವ ಕಥೆ. (ಬಾತ್‌ಟಬ್‌ನ ಕಥೆಗಳನ್ನು ತುಸು ಎಚ್ಚರದಿಂದಲೇ ಕೇಳಬೇಕು. 1917ರ ಡಿಸೆಂಬರ್ 28ರಂದು ಎಚ್. ಎಲ್. ಮೆಂಕನ್ ಎಂಬ ಪತ್ರಕರ್ತ ತಮಾಷೆಗಾಗಿ ಅಮೆರಿಕದ ಬಾತ್‌ಟಬ್‌ನ ಇತಿಹಾಸವನ್ನು ಪೂರ್ತಿ ಕಟ್ಟಿ ಬರೆದ. ಅದು ಸುಳ್ಳೆಂದು ಅವನೇ ಒಪ್ಪಿಕೊಂಡ ಮೇಲೂ ಜನ ಅದನ್ನು ಉಲ್ಲೇಖಿಸುವುದನ್ನು ಬಿಡಲಿಲ್ಲ.) ಎರಕದ ಕಬ್ಬಿಣಕ್ಕೆ ಎನಾಮೆಲ್ ಅಂಟಿಸುವ ವಿದ್ಯೆಯಲ್ಲಿ ಪಳಗಿದ ಇನ್ನೊಬ್ಬ ಡೆಟ್ರಾಯಿಟ್‌ನ ಡೇವಿಡ್ ಬ್ಯೂಯಿಕ್. ಆ ವ್ಯವಹಾರ ಮಾರಿ ಬಂದ ದುಡ್ಡಿನಿಂದ ಅವನು ಎಂಜಿನ್ನುಗಳ ಬೆನ್ನು ಹತ್ತಿದ; ಈಗ ಅವನ ಹೆಸರು ಕಾರಿನ ಮೇಲಿದೆ.

ಹೊಸ ತೊಟ್ಟಿಯ ಮೈ ಲೋಹವಲ್ಲ, ಗಾಜು. ಮರಳು, ಬೋರಾಕ್ಸ್, ಸೋಡಾ ಮುಂತಾದವನ್ನು ಕರಗಿಸಿ, ಕೆಂಡದಂಥ ಆ ಪಾಕವನ್ನು ನೀರಿಗೆ ಸುರಿದು ಚೂರಾಗಿಸಿ, ನುಣ್ಣಗೆ ಅರೆದು ಪುಡಿ ಮಾಡುತ್ತಿದ್ದರು. ಕುಲುಮೆಯಿಂದ ಕೆಂಪಗೆ ಕಾದ ತೊಟ್ಟಿಯನ್ನು ಹೊರಗೆಳೆದು, ಉದ್ದ ಹಿಡಿಯ ಜರಡಿಯಿಂದ ಆ ಪುಡಿಯನ್ನು ಮೇಲೆ ಉದುರಿಸಿ, ಮತ್ತೆ ಕುಲುಮೆಗೆ ತಳ್ಳುವುದು. ಹೀಗೆ ಹಲವು ಸುತ್ತು. ಕಬ್ಬಿಣದ ಮೇಲೆ ಕೂತ ಈ ಬಿಳಿ ಗಾಜಿನ ಪದರ ಹೆಚ್ಚು ದಪ್ಪದ್ದಲ್ಲ, ಮತ್ತು ಹಂಡೆಯ ತಾಮ್ರದಂತೆ ಕೆಳಗಿನಿಂದ ಮತ್ತೆ ಹುಟ್ಟಿ ಬರುವಂಥದ್ದಲ್ಲ. ಹೋದದ್ದು ಹೋದದ್ದೇ. ಇದರ ಜೊತೆಗೆ ಇನ್ನೊಂದು ತೊಡಕು. ಪುಡಿ ಬೇಗ ಕರಗಲಿ, ಮೇಲ್ಮೈ ಹೊಳೆಯಲಿ ಎಂದು ಆ ಕಾಲದ ಹಲವು ಕಾರ್ಖಾನೆಗಳು ಅದಕ್ಕೆ ಸೀಸ ಬೆರೆಸುತ್ತಿದ್ದವು. ಸೀಸದ ಗಾಜು ಕಣ್ಣಿಗೆ ಚೆಂದ, ಆದರೆ ಮೆದು. ಆಮ್ಲಕ್ಕೆ ಸುಲಭದ ತುತ್ತು. ಆ ಸೀಸಕ್ಕೆ ಮೊದಲು ತುತ್ತಾದವರು ಪುಡಿ ಉದುರಿಸುವವರೇ. 1910ರಲ್ಲಿ ಇಲಿನಾಯ್ ರಾಜ್ಯದ ಪರವಾಗಿ ಕಸುಬಿನ ಕಾಯಿಲೆಗಳ ಸಮೀಕ್ಷೆ ಮಾಡುತ್ತಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಬಾತ್‌ಟಬ್ ಕಾರ್ಖಾನೆಯ ಕಾರ್ಮಿಕರಲ್ಲಿ ಸೀಸದ ವಿಷ ಏರಿರುವುದನ್ನು ಗುರುತಿಸಿದರು. 1912ರಲ್ಲಿ ಕುಂಬಾರಿಕೆ, ಹೆಂಚು ಮತ್ತು ಎನಾಮೆಲ್ ಕಾರ್ಖಾನೆಗಳ ಸೀಸದ ಬಗ್ಗೆ ಅವರ ವರದಿಯನ್ನು ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಪ್ರಕಟಿಸಿತು. ಆರೋಗ್ಯದ ಗುರುತಾಗಿ ಮನೆಮನೆಗೆ ಹೋದ ಬಿಳುಪು ಹೀಗೆ ತಯಾರಾಗುತ್ತಿತ್ತು.

ಬಿಳಿ ಮೈ ಬಂದ ಮೇಲೆ ಅದನ್ನು ಬಿಳಿಯಾಗಿಡುವ ಪುಡಿಗಳ ಸಂತೆ ನೆರೆಯಿತು. 1905ರಲ್ಲಿ ಕುಡಾಹಿ ಎಂಬ ಮಾಂಸದ ಕಂಪನಿ ಓಲ್ಡ್ ಡಚ್ ಕ್ಲೆನ್ಸರ್ ತಂದಿತು. ಡಬ್ಬಿಯ ಮೇಲೆ ಕೋಲೆತ್ತಿ ಕೊಳೆಯನ್ನು ಅಟ್ಟುವ ಹೆಂಗಸು, ಒಳಗೆ ಜ್ವಾಲಾಮುಖಿಯ ಬೂದಿ. ಬೂದಿಯೆಂದರೆ ನಮ್ಮ ಒಲೆಯ ಮೆತ್ತನೆ ಬೂದಿಯಲ್ಲ. ಅದೂ ಗಾಜೇ, ಚೂಪು ಅಂಚುಗಳ ಗಾಜಿನ ಚೂರು. ಇದಕ್ಕಿಂತ ಮೊದಲೇ, 1886ರಲ್ಲಿ, ಕನೆಕ್ಟಿಕಟ್‌ನ ಮ್ಯಾಂಚೆಸ್ಟರ್‌ನಲ್ಲಿ ಬಾನ್ ಆಮಿ ಹುಟ್ಟಿತ್ತು. ಉಜ್ಜುಸೋಪುಗಳಿಗೆ ಬೆಣಚುಕಲ್ಲಿನ ಪುಡಿ ಹಾಕುವುದು ರೂಢಿ, ಬೆಣಚಿನ ಜೊತೆ ಗಣಿಯಿಂದ ಬರುವ ಫೆಲ್ಡ್‌ಸ್ಪಾರ್ ಎಂಬ ಕಲ್ಲನ್ನು ಎಸೆಯುತ್ತಿದ್ದರು. ಎಸೆಯುವ ಕಲ್ಲೇ ಹೆಚ್ಚು ಮೆದು ಎಂದು ಕಂಡುಕೊಂಡದ್ದು ಈ ಕಂಪನಿಯ ಜಾಣತನ. ಗಡಸುತನದ ಅಳತೆಯಲ್ಲಿ ಬೆಣಚು 7, ಫೆಲ್ಡ್‌ಸ್ಪಾರ್ 6, ಸಾಮಾನ್ಯ ಗಾಜು ಸುಮಾರು ಐದೂವರೆ. ಅವರ ಗುರುತು ಒಂದು ಕೋಳಿಮರಿ, ಜೊತೆಗೆ ‘ಇನ್ನೂ ಗೀರಿಲ್ಲ’ ಎಂಬರ್ಥದ ಘೋಷವಾಕ್ಯ. ಮೊಟ್ಟೆಯಿಂದ ಬಂದ ಮರಿ ಮೊದಲ ಒಂದೆರಡು ದಿನ ನೆಲ ಕೆರೆಯುವುದಿಲ್ಲವಲ್ಲ! ಜಾಹೀರಾತೇ ಸಾಕ್ಷಿ ನುಡಿಯುವುದು ಅಪರೂಪ, ಇಲ್ಲಿ ನುಡಿಯುತ್ತಿದೆ: ‘ನಾವು ಗೀರುವುದಿಲ್ಲ’ ಎಂದು ಒಬ್ಬ ಸಾರಿ ಹೇಳಿ ಸಂತೆಯಲ್ಲಿ ಗೆಲ್ಲಬೇಕಾದರೆ, ಉಳಿದವರು ಗೀರುತ್ತಿದ್ದರು ಎಂಬುದು ಕೊಳ್ಳುವವರಿಗೆ ಗೊತ್ತಿತ್ತು. ಗೀರು ಬಿದ್ದ ಗಾಜಿನ ಹೊಳಪು ಹೋಗುತ್ತದೆ, ಗೀರಿನ ಸಂದಿನಲ್ಲಿ ಕಬ್ಬಿಣದ ನೀರು ನಿಲ್ಲುತ್ತದೆ, ನಿಂತದ್ದು ಕೆಂಪಾಗುತ್ತದೆ, ಮರುವಾರ ಇನ್ನಷ್ಟು ಪುಡಿ ಬೇಕಾಗುತ್ತದೆ. ಅದೇ ಕಾಲದ ಮನೆವಾರ್ತೆಯ ಪುಸ್ತಕಗಳಲ್ಲಿ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಎಂಬ ಸಲಹೆಯೂ ಇತ್ತು. ಸೋಪಿನ ಜಿಡ್ಡು ಅದಕ್ಕೆ ಬಿಡುತ್ತದೆ, ಗಾಜಿಗೆ ಏನೂ ಆಗುವುದಿಲ್ಲ. ಆದರೆ ಸೀಮೆಎಣ್ಣೆಗೆ ಡಬ್ಬಿಯೂ ಇಲ್ಲ, ಕೋಳಿಮರಿಯೂ ಇಲ್ಲ.

ಕಬ್ಬಿಣ ಬೆರೆತ ನೀರು ಯಾರೂ ತಿಕ್ಕದ ತೊಟ್ಟಿಯಲ್ಲೂ ಕಲೆ ಮಾಡುತ್ತದೆ, ಆಮ್ಲವಿಲ್ಲದೆ ಅದು ಹೋಗುವುದಿಲ್ಲ, ಹಾಗಿದ್ದ ಮೇಲೆ ತೊಳೆಯುವವರನ್ನು ದೂರಿ ಏನು ಫಲ ಎಂದು ಕೇಳಬಹುದು. ಆಕ್ಷೇಪಣೆಯ ಮೊದಲ ಅರ್ಧ ನಿಜ. ಎರಡನೆಯ ಅರ್ಧದಲ್ಲಿ ‘ಆಮ್ಲ’ ಎಂಬ ಒಂದೇ ಪದ ಎರಡು ಬೇರೆ ಕೆಲಸಗಳನ್ನು ಮುಚ್ಚಿಡುತ್ತದೆ. ಸ್ವೀಡನ್ನಿನ ಶೀಲೆ 1776ರಲ್ಲಿ ಸಕ್ಕರೆಯಿಂದ ತಯಾರಿಸಿ ತೋರಿಸಿದ ಆಕ್ಸಾಲಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ಹಿಡಿದು, ನೀರಿನಲ್ಲಿ ಕರಗುವ ರೂಪಕ್ಕೆ ತಂದು, ಹೊತ್ತು ಹೋಗುತ್ತದೆ. ಚರ್ಮರೋಗಕ್ಕೆಂದು ಪರ್ಮಾಂಗನೇಟ್ ಸ್ನಾನ ಮಾಡಿದವರ ತೊಟ್ಟಿಯಲ್ಲಿ ಉಳಿಯುವ ಮ್ಯಾಂಗನೀಸ್‌ನ ಕಂದು ಕಲೆಗೂ ಇದೇ ಮದ್ದು. ಇಂಗ್ಲೆಂಡಿನ ಮನೆಗಳಲ್ಲಿ ಇದರ ಲವಣವನ್ನು ‘ನಿಂಬೆ ಉಪ್ಪು’ ಎಂಬ ಹೆಸರಿನಲ್ಲಿ ಶಾಯಿಯ, ತುಕ್ಕಿನ ಕಲೆಗೆ ಬಳಸುತ್ತಿದ್ದರು. ನಿಂಬೆಗೂ ಅದಕ್ಕೂ ಸಂಬಂಧವಿಲ್ಲ, ಅದು ವಿಷ. ಆಕ್ಸಾಲಿಕ್ ಆಮ್ಲದ ಹರಳನ್ನು ಭೇದಿಯ ಉಪ್ಪೆಂದು ತಿಳಿದು ಕುಡಿದು ಸತ್ತವರೂ ಉಂಟು. 1882ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಬಂದ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯ ಜೀವಾಳವೂ ಈ ಆಮ್ಲವೇ. ಮ್ಯೂರಿಯಾಟಿಕ್ ಆಮ್ಲದ ಅಂದರೆ ನಾವು ಬರೇ ‘ಆಸಿಡ್’ ಎನ್ನುವ ಹೈಡ್ರೋಕ್ಲೋರಿಕ್ ಆಮ್ಲದ ರೀತಿ ಬೇರೆ. ಅದು ಕಲೆಯನ್ನು ಕರಗಿಸುವುದು ಹೌದು, ಜೊತೆಗೆ ಸೀಸದ ಮೆದು ಗಾಜನ್ನೂ ತಿನ್ನುತ್ತದೆ. ಅಂದಿನ ದಿನ ತೊಟ್ಟಿ ಥಳಥಳಿಸುತ್ತದೆ, ಮುಂದಿನ ಕಲೆಗೆ ಹಾಸಿಗೆ ಸಿದ್ಧವಾಗಿರುತ್ತದೆ. ಬ್ಲೀಚಿನ ಕಥೆ ಇನ್ನೂ ವಿಚಿತ್ರ. ಬಟ್ಟೆಯನ್ನು ಬೆಳ್ಳಗೆ ಮಾಡುವುದು ತೊಟ್ಟಿಯನ್ನೂ ಮಾಡೀತು ಎಂದು ಜನ ಸುರಿದರು, ಆದರೆ ಅದು ಕಬ್ಬಿಣವನ್ನು ಮತ್ತಷ್ಟು ಉತ್ಕರ್ಷಿಸಿ ತುಕ್ಕನ್ನು ಅಲ್ಲೇ ಕಚ್ಚಿ ಕೂರಿಸುತ್ತದೆ. 1956ರಲ್ಲಿ ಮಾರುಕಟ್ಟೆಗೆ ಬಂದ ಕಾಮೆಟ್‌ನಲ್ಲಿ ಉಜ್ಜುಪುಡಿಯೂ ಕ್ಲೋರಿನ್ ಬ್ಲೀಚೂ ಒಂದೇ ಡಬ್ಬಿಯಲ್ಲಿದ್ದವು.

ಇನ್ನೊಂದು ವಾದ ಗಂಭೀರವಾದದ್ದು. ಟೈಫಾಯಿಡ್, ಕ್ಷಯಗಳ ಭಯದಲ್ಲಿ ಬದುಕುತ್ತಿದ್ದ ಮಂದಿಗೆ ಗೀರು, ಹೊಳಪು ಎಂದು ಲೆಕ್ಕ ಹಾಕುವ ಪುರಸತ್ತು ಎಲ್ಲಿತ್ತು, ರೋಗಾಣುಗಳ ಅರಿವೇ ಅವರ ಕೈಗೆ ಪುಡಿ ಕೊಟ್ಟಿತು ಎಂದು. ಭಯ ಸುಳ್ಳಲ್ಲ. ಆದರೆ ತುಕ್ಕಿನ ಕಲೆ ರೋಗಾಣುವಲ್ಲ, ಮತ್ತು ಗೀರಿ ಒರಟಾದ ಮೈಯೇ ನುಣುಪಾದದ್ದಕ್ಕಿಂತ ಹೆಚ್ಚು ಜಿಡ್ಡನ್ನೂ ಅದರಲ್ಲಿ ಬಾಳುವುದನ್ನೂ ಹಿಡಿದಿಡುತ್ತದೆ. ಆರೋಗ್ಯದ ಹೆಸರಿನಲ್ಲಿ ಮಾಡಿದ ಕೆಲಸ ಆರೋಗ್ಯದ ಲೆಕ್ಕದಲ್ಲೂ ನಷ್ಟದ್ದೇ ಆಯಿತು. ತೊಟ್ಟಿಯ ತಯಾರಕರಿಗೆ ಇದು ಅರ್ಥವಾಗಿತ್ತು ಎನ್ನಲು 1930ರ ದಶಕದ ಜಾಹೀರಾತುಗಳು ಸಾಕು: ‘ಆಮ್ಲಕ್ಕೆ ಜಗ್ಗದ ಎನಾಮೆಲ್’ ಎಂಬುದು ಆಗ ದೊಡ್ಡ ಮಾತಾಗಿತ್ತು. ಜನರ ಕೈಯಿಂದ ಆಸಿಡ್ ಬಿಡಿಸುವುದಕ್ಕಿಂತ ಗಾಜಿನ ಪಾಕವನ್ನೇ ಬದಲಾಯಿಸುವುದು ಸುಲಭವೆಂದು ಅವರು ಕಂಡುಕೊಂಡಿದ್ದರು.

ಹಳೆಯ ತೊಟ್ಟಿಗಳು ಮಾತ್ರ ಹಾಗೆಯೇ ಉಳಿದವು. ಎರಕದ ಕಬ್ಬಿಣದ ತೊಟ್ಟಿಯನ್ನು ಕಿತ್ತು ಹೊರಗೆ ಸಾಗಿಸುವುದೇ ಒಂದು ಸಾಹಸವಾದ್ದರಿಂದ, ಇದ್ದಲ್ಲೇ ಮೇಲೆ ಹೊಸ ಲೇಪ ಬಳಿಯುವ ಕಸುಬು ಬೆಳೆಯಿತು. ಆ ಕಸುಬಿನವರ ಮೊದಲ ಹೆಜ್ಜೆಯಲ್ಲೇ ನನ್ನ ವಾದಕ್ಕೆ ಬಲವಾದ ಸಾಕ್ಷಿಯಿದೆ. ನುಣುಪಾದ ಗಾಜಿಗೆ ಬಣ್ಣ ಅಂಟುವುದಿಲ್ಲ. ಆದ್ದರಿಂದ ಹೈಡ್ರೋಫ್ಲೋರಿಕ್ ಆಮ್ಲದಂಥ ಉಗ್ರ ವಸ್ತುವಿನಿಂದ ಮೈಯನ್ನು ಬೇಕೆಂದೇ ತಿನ್ನಿಸಿ ಒರಟು ಮಾಡುವ ಪದ್ಧತಿ ಅವರಲ್ಲಿದೆ. ಗೃಹಿಣಿಯರು ಅರಿಯದೆ ವರ್ಷಗಟ್ಟಲೆ ಮಾಡಿದ್ದನ್ನು ಇವರು ಅರಿತು ಅರ್ಧ ಗಂಟೆಯಲ್ಲಿ ಮಾಡುತ್ತಾರೆ, ಏನಾದರೂ ಅಂಟಿಕೊಳ್ಳಲಿ ಎಂದೇ. ಬಳಿದ ಲೇಪ ಕೆಲವು ವರ್ಷಗಳಲ್ಲಿ ಏಳತೊಡಗಿದರೆ ಅದನ್ನು ಕಿತ್ತು ಮತ್ತೆ ಬಳಿಯಬೇಕು, ಕೀಳಲು ಬಳಸುತ್ತಿದ್ದದ್ದು ಮೆಥಿಲೀನ್ ಕ್ಲೋರೈಡ್ ಎಂಬ ದ್ರಾವಕ. ಅದರ ಆವಿ ಗಾಳಿಗಿಂತ ಭಾರ, ತೊಟ್ಟಿಯ ತಳದಲ್ಲೇ ಕೆರೆಯಂತೆ ನಿಲ್ಲುತ್ತದೆ, ಕೆಲಸಗಾರ ಬಗ್ಗುತ್ತಿದ್ದದ್ದು ಅಲ್ಲಿಗೇ. 2000ದಿಂದ 2011ರವರೆಗೆ ಅಮೆರಿಕದಲ್ಲಿ ಹೀಗೆ ಬಗ್ಗಿದ 13 ಮಂದಿ ಬಾತ್‌ಟಬ್ ಕೆಲಸಗಾರರು ಸತ್ತರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಲೆಕ್ಕ ಕೊಟ್ಟಿತು. ಹ್ಯಾಮಿಲ್ಟನ್ ಅವರ ಸೀಸದ ವರದಿ ಹೊರಬಂದು ಆಗ ಸರಿಯಾಗಿ ನೂರು ವರ್ಷವಾಗಿತ್ತು.